ಹಳೇ ದೊರೆಯ ಅಪ್ಪಣೆ

ಬಂಗಲೆಯಲ್ಲಿ ಯಾರೂ ಇರಲಿಲ್ಲ. ಆದರೂ ಅದರ ಮುಂದೆ ಬಂದಾಗ ನಾವು ಕೊಡೆ ಮಡಿಸುತ್ತಿದ್ದೆವು. ಮಳೆ ಎಂದರೆ ಆಷಾಢದ ಮಳೆ, ಎದುರಿಗೆ ಬರುವವರ ಮುಖ ಕಾಣದಷ್ಟು. ಗೇಟಿನ ಬಳಿ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು, ಕೊಡೆ ಮಡಿಸುವುದು, ಗದ್ದೆ ಕೆಲಸದ ಹೆಂಗಸರಾದರೆ ತಲೆಯ ಮೇಲಿನ ಎಲೆಯ ಗೊರಬನ್ನು ಇಳಿಸಿ ಕೈಯಲ್ಲಿ ಹಿಡಿಯುವುದು, ಬಂಗಲೆಯ ಹೂತೋಟದ ಬೇಲಿ ಮುಗಿಯುವವರೆಗೆ ತಲೆ ತಗ್ಗಿಸಿ ನಡೆಯುವುದು, ಆಮೇಲೆ ಮತ್ತೆ ಕೊಡೆ ಬಿಚ್ಚುವುದು. ಅಷ್ಟರಲ್ಲಿ ಉಟ್ಟ ಬಟ್ಟೆಯೆಲ್ಲ ತೊಪ್ಪೆಯಾಗಿರುತ್ತಿತ್ತು. ಮತ್ತೆ ಯಾಕೆ ಬಿಚ್ಚುತ್ತಿದ್ದೆವೋ ದೇವರೇ ಬಲ್ಲ.

ದೊರೆ ತೋಟ ಮಾರಿ ಹಡಗು ಹತ್ತಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಕೊಂಡ ಸಾಹುಕಾರರು ಬಯಲುಸೀಮೆಯವರು, ಇನ್ನೂ ಈ ಕಡೆ ತಲೆ ಹಾಕಿರಲಿಲ್ಲ. ಬಂಗಲೆಯಲ್ಲಿ ಉಳಿದಿದ್ದವನು ಮುದುಕ ಬಟ್ಲರ್ ಒಬ್ಬನೇ. ಬೇಡ ಎಂದು ಹೇಳುವವರು ಯಾರೂ ಇಲ್ಲದ್ದರಿಂದ ಅವನು ದಿನಾ ಮಧ್ಯಾಹ್ನ ಜಗಲಿಗೆ ಬೆತ್ತದ ಕುರ್ಚಿ ತಂದು ಹಾಕುತ್ತಿದ್ದ, ಸಂಜೆಗೆ ಒಳಗೆ ಸೇರಿಸುತ್ತಿದ್ದ. ನಾವು ಕೊಡೆ ಮಡಿಸುತ್ತಿದ್ದದ್ದು ಆ ಕುರ್ಚಿಗೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವ್ವನಿಂದ ಬಂದ ಬಳುವಳಿ. ಒಂದು ದಿನ ಕೊಡೆ ಮಡಿಸುವುದಿಲ್ಲ ಎಂದು ಹಟ ತೊಟ್ಟು ಬಿಚ್ಚಿದ ಕೊಡೆಯಲ್ಲೇ ಗೇಟು ದಾಟಿದೆ. ಹತ್ತು ಹೆಜ್ಜೆ ಚೆನ್ನಾಗಿಯೇ ನಡೆದೆ. ನಡುದಾರಿಗೆ ಬಂದಾಗ ಕತ್ತಿನ ಹಿಂಭಾಗದಲ್ಲಿ ಯಾರೋ ನೋಡುತ್ತಿದ್ದಾರೆ ಅನ್ನಿಸತೊಡಗಿತು. ತಿರುಗಿದೆ. ಕುರ್ಚಿ ಖಾಲಿ. ಖಾಲಿ ಎಂದು ಕಣ್ಣಾರೆ ಕಂಡ ಮೇಲೂ ಕೈ ತಾನಾಗಿ ಕೊಡೆಯನ್ನು ಇಳಿಸಿಬಿಟ್ಟಿತು. ಆ ಕೈಯ ಮೇಲೆ ನನಗೆ ಬಂದ ಸಿಟ್ಟು ಈ ಮುದಿ ವಯಸ್ಸಿನಲ್ಲೂ ಇಳಿದಿಲ್ಲ.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ಮೈಸೂರಿನೊಂದಿಗೆ ಸೇರುವ ಮೊದಲಿನ ಮಾತು ಇದು. ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಿದ್ದರು. ಸಂತೆಗೆ ಕುಶಾಲನಗರಕ್ಕೆ ಹೋಗುತ್ತಿದ್ದೆವು, ಆದರೆ ಕಚೇರಿಯ ಕಾಗದಗಳಲ್ಲಿ ಆ ಊರಿಗೆ ಇನ್ನೂ ಯಾವನೋ ಸತ್ತ ಸಾಹೇಬನ ಹೆಸರೇ ಇತ್ತು. ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು. ಸ್ವಾತಂತ್ರ್ಯ ಬಂದದ್ದು ಹೌದು. ಎಲ್ಲಿಯವರೆಗೆ ಬಂದಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮದು ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲಿನ ಮನೆ. ತಾತ ಬಂದದ್ದು ಗಾಡಿ ಹೊಡೆಯಲು. ಕಾಡು ಕಡಿದು ಈ ಗುಡ್ಡಕ್ಕೆ ಮೊದಲು ಕಾಫಿ ಹಾಕಿದ ದೊರೆಯ ಕಾಲ ಅದು. ಗುಡ್ಡದ ಮೇಲಿಂದ ಮೂಟೆ ಇಳಿಸಿ, ದೊರೆಯ ರಸ್ತೆಗೆ ಕಲ್ಲು ಹೇರಿ, ಕೊನೆಗೆ ಗುಡ್ಡದ ಕೆಳಗೆ, ಹೊಳೆಯ ಈಚೆಗೆ ಒಂದಿಷ್ಟು ಜೌಗು ನೆಲ ಹಸನು ಮಾಡಿ ಭತ್ತ ಹಾಕಿದ. ಹಾಗೆ ಬಂದ ಗಾಡಿಯವರೆಲ್ಲ ಸೇರಿ ಆದದ್ದು ನಮ್ಮ ಊರು. ಊರಿನ ಮುಂದೆ ಗದ್ದೆ, ಗದ್ದೆಯ ಮುಂದೆ ಹೊಳೆ, ಹೊಳೆಯಾಚೆ ಗುಡ್ಡದ ತುಂಬ ತೋಟ, ತೋಟದಾಚೆ ಕುಶಾಲನಗರಕ್ಕೆ ಹೋಗುವ ದೊಡ್ಡ ರಸ್ತೆ. ನಾವು ಎಲ್ಲಿಗೆ ಹೋಗಬೇಕಾದರೂ ತೋಟವನ್ನು ಹಾದೇ ಹೋಗಬೇಕು. ಕಾಲ್ನಡಿಗೆಯವರಿಗೆ ಸಂಜೆ ಗೇಟು ಹಾಕುವವರೆಗೆ ಬಿಡುತ್ತಿದ್ದರು. ಲಾರಿ ಬಂದ ಮೇಲೆ ಎತ್ತಿನ ಗಾಡಿಗೆ ನಿಷೇಧವಾಯಿತು, ಚಕ್ರದ ಕಬ್ಬಿಣದ ಪಟ್ಟಿ ರಸ್ತೆಯನ್ನು ಕೊರೆಯುತ್ತದೆಯಂತೆ. ಗಾಡಿಯಲ್ಲಿ ಕಲ್ಲು ಹೇರಿ ಮಾಡಿದ ರಸ್ತೆಗೆ ಗಾಡಿಯೇ ಬೇಡವಾಯಿತು.

ದೊರೆಯ ರಸ್ತೆ ನೋಡಲು ಚಂದ. ಎರಡೂ ಕಡೆ ಸಿಲ್ವರ್ ಓಕ್, ನಡುವೆ ಜಲ್ಲಿ ಹಾಕಿ ರೋಲರ್ ಓಡಿಸಿದ ಹಾದಿ. ಆದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ, ಹೊರಗೆ ಸಾಗಿಸುವುದು. ಹಣ್ಣು ಸುಲಿಯುವ ಪಲ್ಪಿಂಗ್ ಮನೆಯಲ್ಲಿ ಶುರುವಾಗಿ ದೊಡ್ಡ ರಸ್ತೆ ಸೇರಿ, ಘಟ್ಟ ಇಳಿದು ಮಂಗಳೂರಿಗೆ, ಅಲ್ಲಿಂದ ಹಡಗಿಗೆ. ಬೀಜ ಹದ ಮಾಡುವ ಕಾರ್ಖಾನೆಗಳೂ ಅಲ್ಲೇ, ಕೂಲಿ ಕೆಲಸ ಮಾತ್ರ ಇಲ್ಲಿ. ಕಾಫಿಯ ನಾಡಿನಲ್ಲಿ ಹುಟ್ಟಿದ ನಾವು ಗಿಡದ ಬುಡದಲ್ಲಿ ಉದುರಿದ್ದನ್ನು ಹೆಕ್ಕಿ ಹುರಿದು, ಬೆಲ್ಲ ಹಾಕಿ ಕುಡಿಯುತ್ತಿದ್ದೆವು. ಅಕ್ಕಿಯ ಕಥೆ ಇನ್ನೂ ಚೋದ್ಯ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ನಮ್ಮ ಭತ್ತ ಗುಡ್ಡ ಸುತ್ತಿ ಗಾಡಿಯಲ್ಲಿ ಕುಶಾಲನಗರದ ಮಂಡಿಗೆ ಹೋಗುತ್ತಿತ್ತು. ಅಲ್ಲಿ ಅಕ್ಕಿಯಾಗಿ ಲಾರಿಯಲ್ಲಿ ಅದೇ ದೊರೆಯ ರಸ್ತೆ ಹಿಡಿದು, ನಮ್ಮ ಮನೆಯ ಎದುರಿನ ತೋಟಕ್ಕೇ ಕೂಲಿಯವರ ಪಡಿಯಾಗಿ ಬರುತ್ತಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ಕಾಡು ಕಡಿದ ಆ ಮೊದಲ ದೊರೆ ಚಳಿಜ್ವರದಲ್ಲಿ ಸತ್ತನಂತೆ. ಬಂಗಲೆಯ ಕೆಳಗಿನ ದಿಣ್ಣೆಯ ಮೇಲೆ ಅವನ ಸಮಾಧಿ. ಸುತ್ತ ಕಬ್ಬಿಣದ ಕಟಕಟೆ, ಮೇಲೆ ನಾಲ್ಕು ಕಂಬದ ಸಣ್ಣ ಕಲ್ಲಿನ ಮಂಟಪ. ಆ ಕಲ್ಲನ್ನು ಹೇರಿಕೊಂಡು ಬಂದದ್ದೂ ನನ್ನ ತಾತನ ಗಾಡಿಯೇ. ಹೊಳೆಯ ಬಳಿ ಎತ್ತುಗಳು ಮುಂದೆ ಹೋಗದೆ ನಿಂತುಬಿಟ್ಟವಂತೆ. ತಾತ ಚಪ್ಪಲಿ ಬಿಟ್ಟು, ತಲೆಯ ರುಮಾಲು ತೆಗೆದು ಕೈ ಮುಗಿದ ಮೇಲೆ ಹೊರಟವಂತೆ. ಈ ಕಥೆಯನ್ನು ಅಪ್ಪ ಹಾಲಿನ ಜೊತೆ ಕುಡಿದು ಬೆಳೆದವನು.

ಊರಿನಲ್ಲಿ ಅವನನ್ನು ಹಳೇ ದೊರೆ ಎನ್ನುತ್ತಿದ್ದರು. ಲೈನಿನ, ಎಂದರೆ ತೋಟದ ಸಾಲುಮನೆಗಳ, ತಮಿಳು ಜನ ಪೆರಿಯ ದೊರೆ ಎನ್ನುತ್ತಿದ್ದರು. ಪ್ರತಿ ವರ್ಷ ಕಾಫಿ ಹಣ್ಣು ಕೀಳುವ ಪಿಕಿಂಗ್ ಶುರುವಾಗುವ ಮೊದಲು ಲೈನಿನ ಮೇಸ್ತ್ರಿ ಆ ಮಂಟಪದಲ್ಲಿ ಎಡೆ ಇಡುತ್ತಿದ್ದ. ನಮ್ಮ ದೈವಗಳಿಗೆ ಕೋಳಿ, ಕಳ್ಳು. ಇವನಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಗಾಜಿನ ಲೋಟದಲ್ಲಿ ಬ್ರಾಂದಿ, ಒಂದು ದಪ್ಪ ಚುರುಟು. ಚುರುಟನ್ನು ಹಚ್ಚಿ ಕಲ್ಲಿನ ಅಂಚಿಗೆ ಇಟ್ಟು ಎಲ್ಲರೂ ದೂರ ನಿಲ್ಲುವುದು. ಅದು ಬುಡದವರೆಗೆ ಉರಿದು ಬೂದಿಯಾದರೆ ದೊರೆ ಒಪ್ಪಿದ, ನಡುವೆ ಆರಿದರೆ ಬೇಡ ಎಂದ. ಆ ದಿಣ್ಣೆಯ ಹತ್ತಿರ ಮರ ಕಡಿಯಬೇಕಾದರೂ, ಹೊಸ ಲೈನು ಕಟ್ಟಬೇಕಾದರೂ ಹೀಗೆ ಕೇಳಿಯೇ ಮಾಡುತ್ತಿದ್ದರು. ಬದುಕಿದ್ದ ದೊರೆಗಳಿಗೂ ಇದು ಗೊತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದರು, ಕೂಲಿಯವರು ಹೆದರಿಕೊಂಡಿದ್ದರೆ ಅವರಿಗೇನು ನಷ್ಟ?

ಮಧ್ಯಾಹ್ನದ ಹೊತ್ತು ಹಾಲುವಾಣದ ಮರಗಳ ಕೆಳಗೆ ಒಬ್ಬಳೇ ಬರುವಾಗ ಚುರುಟಿನ ಹೊಗೆಯ ವಾಸನೆ ಬಂದದ್ದುಂಟು. ಗಾಳಿ ಇಲ್ಲ, ಮನುಷ್ಯರಿಲ್ಲ, ಬೆಂಕಿ ಇಲ್ಲ. ದೆವ್ವ ಗಿವ್ವ ಎಂದರೆ ಬಾಯಿ ಮಾಡುವವಳು ನಾನು, ಆದರೆ ಮೂಗಿಗೆ ಸುಳ್ಳು ಹೇಳಲು ಆಗುವುದಿಲ್ಲ.

ಅವ್ವನ ಮಾತು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೊನೆಯ ದೊರೆ ಇನ್ನೂ ಇದ್ದ ಕಾಲ. ಅವ್ವನಿಗೆ ಜ್ವರ ಬಂದು ಇಳಿಯಲಿಲ್ಲ, ಕಷಾಯ ಮುಗಿಯಿತು, ಹರಕೆ ಮುಗಿಯಿತು. ಹೊಳೆ ತುಂಬಿತ್ತು. ಊರಿನ ಗಂಡಸರು ಅವ್ವನನ್ನು ಮಂಚದ ಸಮೇತ ಎತ್ತಿಕೊಂಡು ಬಂಡೆಗಳ ನಡುವಿನ ಮರದ ಪಾಲ, ಎಂದರೆ ಕಾಲುಸಂಕ, ದಾಟಿಸಿ ಗುಡ್ಡ ಹತ್ತಿಸಿದರು. ದೊಡ್ಡ ರಸ್ತೆಗೆ ಹೋದರೆ ಬಸ್ಸು, ಬಸ್ಸಿಗೆ ಹಾಕಿದರೆ ಆಸ್ಪತ್ರೆ. ಅಪ್ಪ ಪಕ್ಕದಲ್ಲಿ ಅವ್ವನ ಮುಖದ ಮೇಲೆ ಕೊಡೆ ಹಿಡಿದು ನಡೆಯುತ್ತಿದ್ದ. ನಾನು ಹಿಂದೆ ಬಟ್ಟೆಯ ಗಂಟು ಹೊತ್ತಿದ್ದೆ.

ಬಂಗಲೆಯ ಗೇಟು ಬಂತು. ಗಂಡಸರು ಚಪ್ಪಲಿ ಕಳಚಿದರು. ಅಪ್ಪ ಕೊಡೆ ಮಡಿಸಿದ.

ಮಳೆ ಅವ್ವನ ಮುಖದ ಮೇಲೆ ಬಿತ್ತು. ಮುಚ್ಚಿದ ರೆಪ್ಪೆಗಳ ಮೇಲೆ, ತೆರೆದ ಬಾಯಿಯ ಒಳಗೆ. ಜಗಲಿಯಲ್ಲಿ ಕುಳಿತಿದ್ದ ದೊರೆ ದಡಬಡ ಎದ್ದು ಮೆಟ್ಟಿಲವರೆಗೆ ಬಂದ. ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ಏನೋ ಕೂಗಿದ. ಕೊಡೆ ಬಿಚ್ಚಿ, ಕೊಡೆ ಬಿಚ್ಚಿ ಎಂದು ಅವನು ಹೇಳುತ್ತಿದ್ದದ್ದು ಎಂದು ಬಟ್ಲರ್ ಆಮೇಲೆ ಹೇಳಿದ. ನಮ್ಮ ಗಂಡಸರು ಸಿಟ್ಟಾಗಿದ್ದಾನೆ ಎಂದುಕೊಂಡು ಮಂಚ ಹೊತ್ತು ಓಡಿದರು. ಮಂಚದ ಜೊತೆ ಅಪ್ಪನೂ ಓಡಿದ, ಮಡಿಸಿದ ಕೊಡೆ ಕೈಯಲ್ಲಿ. ಅಷ್ಟು ವರ್ಷ ಆ ಜಗಲಿಯಲ್ಲಿ ಕುಳಿತಿದ್ದ ಮನುಷ್ಯನಿಗೆ ಜನ ನೆನೆಯುತ್ತಾರೆ ಎನ್ನುವುದು ಕಂಡದ್ದು ಅವತ್ತು.

ಅವ್ವ ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ. ಮಳೆಯಿಂದ ಏನೂ ಆದದ್ದಲ್ಲ, ಜ್ವರ ಮೊದಲೇ ಕೈ ಮೀರಿತ್ತು ಎಂದು ಡಾಕ್ಟರು ಹೇಳಿದರು. ಕೆಲವು ದಿನ ಅದನ್ನು ನಂಬುತ್ತೇನೆ.

ಅವ್ವ ಹೋದ ಮೇಲೆ ಅಪ್ಪನಿಗೆ ದಾರಿಯ ಹುಚ್ಚು ಹಿಡಿಯಿತು. ನಮ್ಮ ಊರಿಗೆ ನಮ್ಮದೇ ದಾರಿ ಬೇಕು, ಗಾಡಿ ಹೋಗುವಂಥದ್ದು, ಲಾರಿ ಬರುವಂಥದ್ದು, ಯಾರ ಗೇಟೂ ಇಲ್ಲದ್ದು. ದೊರೆ ಹೋದ ಮೇಲಂತೂ ಅಪ್ಪ ಮಡಿಕೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ದಾರಿಯ ಜೊತೆ ಇನ್ನೊಂದು ಕನಸೂ ಇತ್ತು, ಊರಿನಲ್ಲೇ ಒಂದು ಅಕ್ಕಿ ಮಿಲ್ಲು. ನಮ್ಮ ಭತ್ತ ಇಲ್ಲೇ ಅಕ್ಕಿಯಾದರೆ ಹೊಳೆಯಾಚೆಯ ತೋಟಕ್ಕೆ ನಾವೇ ಮಾರಬಹುದು. ತವುಡು ನಮ್ಮ ದನಕ್ಕೆ, ಕೆಲಸ ನಮ್ಮ ಹುಡುಗರಿಗೆ, ಒನಕೆಯಿಂದ ಹೆಂಗಸರಿಗೆ ಬಿಡುಗಡೆ. ನಮ್ಮ ಒಳ್ಳೆಯ ಗದ್ದೆಯೊಂದನ್ನು ಮಾರಿ ಅಪ್ಪ ಎಣ್ಣೆಯ ಎಂಜಿನ್ನನ್ನೂ ಅಕ್ಕಿ ಮಾಡುವ ಮಿಷನ್ನನ್ನೂ ಕೊಂಡೇಬಿಟ್ಟ. ಕುಶಾಲನಗರದ ಮಂಡಿ ಸಾಹುಕಾರನೊಬ್ಬನ ಗೋದಾಮಿನಲ್ಲಿ ಅವು ಗೋಣಿ ಹೊದ್ದು ಕುಳಿತವು. ದಾರಿಯಾದ ದಿನ ಲಾರಿಯಲ್ಲಿ ಊರಿಗೆ ಬರಬೇಕು. ಸಂತೆಗೆ ಹೋದಾಗಲೆಲ್ಲ ಅಪ್ಪ ಗೋದಾಮಿಗೆ ಹೋಗಿ ಗೋಣಿ ಎತ್ತಿ ಎಂಜಿನ್ನಿನ ಮೈ ಸವರಿ ಬರುತ್ತಿದ್ದ.

‘ಹೊಸ ಸೊಸೆ ಮಾತಾಡ್ಸ್ಕಂಡ್ ಬಂದ್ಯಾ?’ ಎಂದು ನಾನು ಛೇಡಿಸುತ್ತಿದ್ದೆ.

‘ಊರಿಗೆ ಬರ್ಲಿ ಇರು, ಅವಳ ಬಾಯಿ ಮುಂದೆ ನಿನ್ನ ಬಾಯಿ ಕೇಳ್ಸಲ್ಲ,’ ಎನ್ನುತ್ತಿದ್ದ. ಅವ್ವ ಹೋದ ಮೇಲೆ ಅಪ್ಪ ನಗುತ್ತಿದ್ದದ್ದು ಆ ಎಂಜಿನ್ನಿನ ಮಾತಿಗೆ ಮಾತ್ರ.

ಕೊನೆಗೂ ದಾರಿ ಮಂಜೂರಾಯಿತು. ಮಡಿಕೇರಿಯಿಂದ ಓವರ್ಸಿಯರ್ ಬಂದರು. ಇನ್ನೂ ಮೀಸೆ ಸರಿಯಾಗಿ ಬಾರದ, ಯಾವುದೋ ಮೇಷ್ಟರ ಮನೆಯ ಸಂಭಾವಿತ ಹುಡುಗ. ಚೈನು ಹಿಡಿದು ಅಳತೆ ಮಾಡಿ, ಜಿಗಣೆ ಕಚ್ಚಿಸಿಕೊಂಡು, ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಊರವರಿಗೆಲ್ಲ ವಿವರಿಸಿದರು. ನೇರ ದಾರಿ ಎಂದರೆ ಬಂಡೆಗಳ ಬಳಿ ಹೊಳೆ ಕಿರಿದಾಗಿರುವಲ್ಲಿ ಒಂದು ಸಣ್ಣ ಸೇತುವೆ, ಅಲ್ಲಿಂದ ದಿಣ್ಣೆಯ ಮೇಲೆ ಹಾದು ದೊಡ್ಡ ರಸ್ತೆಗೆ. ಅಡ್ಡ ಇರುವುದು ಸಮಾಧಿಯೊಂದೇ.

‘ಅದನ್ನು ಸ್ವಲ್ಪ ಆಚೆಗೆ ಸರಿಸಬೇಕಾಗುತ್ತದೆ, ಗೌಡರೇ. ಸತ್ತವರ ಕಡೆಯವರು ಯಾರೂ ಇಲ್ಲಿಲ್ಲ. ಆದರೆ ಸುತ್ತಲಿನ ಜನರ ಒಪ್ಪಿಗೆ ಇಲ್ಲದೆ ಮುಟ್ಟಬೇಡ ಎಂದು ಮೇಲಿನವರು ಹೇಳಿದ್ದಾರೆ. ನೀವು ಒಪ್ಪಿದರೆ ಮಳೆ ನಿಂತ ಕೂಡಲೇ ಕೆಲಸ ಶುರು.’

‘ಒಪ್ದೆ ಹೋದ್ರೆ ಸ್ವಾಮಿ?’ ಎಂದು ಮೂಲೆಯಿಂದ ಯಾರೋ ಕೇಳಿದರು.

‘ಗುಡ್ಡ ಸುತ್ತಿಸಬೇಕು. ಕೆಳಗೆ ಹೊಳೆ ಅಗಲ, ಸೇತುವೆ ದೊಡ್ಡದು ಬೇಕು. ಸುತ್ತುದಾರಿಗೇ ದುಡ್ಡು ಮುಗಿಯುತ್ತದೆ. ರಸ್ತೆ ಹೊಳೆಯ ಆ ದಡದಲ್ಲೇ ನಿಲ್ಲುತ್ತದೆ.’

ದಾರಿ ಬೇಡ ಎಂದು ಯಾರೂ ಹೇಳಲಿಲ್ಲ, ಸಮಾಧಿ ಸರಿಸಿ ಎಂದೂ ಯಾರೂ ಹೇಳಲಿಲ್ಲ. ಅಪ್ಪ ಎದ್ದು ನಿಂತ.

‘ಸತ್ತೋನ್ಗೆ ಯಾಕ್ರಯ್ಯ ದಾರಿ? ಬದುಕಿರೋರ್ಗೆ ಬೇಕು. ನಾನೇ ಮೊದ್ಲು ಕಲ್ ಎತ್ತೀನಿ,’ ಎಂದ. ನನಗೆ ಹೆಮ್ಮೆಯಾಯಿತು. ಅವ್ವ ಇದ್ದಿದ್ದರೆ ಎನ್ನಿಸಿತು.

ಲೈನಿನ ಮೇಸ್ತ್ರಿಯೂ ಬಂದಿದ್ದ. ಹೊಸ ದಾರಿಯಾದರೆ ಲೈನಿನವರಿಗೂ ಅನುಕೂಲವೇ, ಅವನದೇನೂ ವಿರೋಧವಿರಲಿಲ್ಲ. ಅವನು ಮೆಲ್ಲಗೆ ಹೇಳಿದ: ‘ಎತ್ತಿ ಗೌಡ್ರೇ, ಯಾರ್ ಬೇಡಾ ಅಂತಾರೆ? ಆದ್ರೆ ಒಂದು ಮಾತು. ಪೆರಿಯ ದೊರೆಗೆ ಕೇಳ್ಬಿಟ್ಟು ಎತ್ತಿ. ಕೇಳದೆ ಯಾರೂ ಏನೂ ಮಾಡಿದ್ದಿಲ್ಲ ಇಲ್ಲಿ. ದಾರಿ ಬೇಕು ಅನ್ನೋವ್ರೇ ಕೈಯಾರೆ ಹಚ್ಬೇಕು.’

ಜಗಲಿಯೆಲ್ಲ ಹೌದು ಹೌದು ಎಂದಿತು. ಅಪ್ಪನೂ, ಆಗಲಿ ಅದಕ್ಕೇನಂತೆ, ಎಂದುಬಿಟ್ಟ. ಅದು ಸೋಲು ಎಂದು ಆಗ ಯಾರಿಗೂ ಕಾಣಲಿಲ್ಲ. ಓವರ್ಸಿಯರ್ ಕೂಡ ನಿಟ್ಟುಸಿರು ಬಿಟ್ಟರು. ಒಂದು ಚುರುಟಿನಲ್ಲಿ ಕೆಲಸ ಮುಗಿಯುವುದಾದರೆ ಬೇಡ ಎನ್ನುವವರು ಯಾರು?

ಕೆಟ್ಟದ್ದು ಎಂದರೆ ಕಾಲ. ಎಡೆ ಇಡುತ್ತಿದ್ದದ್ದು, ಅಪ್ಪಣೆ ಕೇಳುತ್ತಿದ್ದದ್ದು ಎಲ್ಲ ಮಳೆ ನಿಂತು ಬಿಸಿಲು ಬಂದ ಮೇಲೆ. ಆಗ ಚುರುಟು ತಾನಾಗಿ ಬುಡದವರೆಗೆ ಉರಿಯುತ್ತಿತ್ತು, ದೊರೆ ಯಾವಾಗಲೂ ಒಪ್ಪುತ್ತಿದ್ದ. ಈಗ ಆಷಾಢ, ಇಲ್ಲಿಯವರ ಕಕ್ಕಡ. ಉಪ್ಪಿನ ಗಡಿಗೆ ನೀರಾಗುವ, ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೆಂಕಿಪೆಟ್ಟಿಗೆಯೇ ಹತ್ತದ ತಿಂಗಳು.

‘ಮಳೆ ನಿಲ್ಲೋ ತನಕ ತಡಿ ಅಪ್ಪ. ದಸರಾ ಕಳೀಲಿ, ಆಮೇಲ್ ಕೇಳು,’ ಎಂದೆ.

‘ಓವರ್ಸಿಯರ್ ಈ ತಿಂಗಳೇ ಬರ್ದು ಕಳಿಸ್ಬೇಕಂತೆ. ಸರ್ಕಾರ ಕಾಯಲ್ಲ ಕಣವ್ವ.’

‘ಹಂಗಾರೆ ಕೇಳ್ಲೇಬೇಡ. ಸುಮ್ನೆ ಕಲ್ ಎತ್ತು.’

ಅಪ್ಪ ನನ್ನ ಮುಖ ನೋಡಿದ. ನಾನು ಏನೋ ಹೊಲಸು ಮಾತಾಡಿದ ಹಾಗೆ ನೋಡಿದ.

ಅಪ್ಪಣೆ ಕೇಳುವ ದಿನ ಮಧ್ಯಾಹ್ನ ದಿಣ್ಣೆಯ ಮೇಲೆ ಊರವರು ಒಂದು ಕಡೆ, ಲೈನಿನವರು ಒಂದು ಕಡೆ ನಿಂತಿದ್ದೆವು. ಯಾರ ಕೊಡೆಯೂ ಬಿಚ್ಚಿರಲಿಲ್ಲ. ಓವರ್ಸಿಯರ್ ಒಬ್ಬರೇ ಕೊಡೆ ಹಿಡಿದಿದ್ದರು, ಸುತ್ತ ನೋಡಿ ಅವರೂ ಮಡಿಸಿಬಿಟ್ಟರು. ಓದಿದ ಹುಡುಗ, ಈ ಊರಿನವನಲ್ಲ, ಹುಟ್ಟಿನಿಂದ ಆ ಬಂಗಲೆ ನೋಡಿದವನಲ್ಲ. ಅವರ ಕೊಡೆ ಮುಚ್ಚಿಕೊಂಡದ್ದು ಕಂಡು ನನಗೆ ಮೊದಲ ಬಾರಿಗೆ ನಿಜವಾದ ಭಯವಾಯಿತು.

ಮೇಸ್ತ್ರಿ ಎಡೆ ಇಟ್ಟ. ಬಟ್ಲರ್ ದೊರೆ ಬಿಟ್ಟುಹೋದ ಡಬ್ಬಿಯಿಂದ ಚುರುಟು ತಂದಿದ್ದ, ಅದು ತೇವ ಹಿಡಿದು ಮೆತ್ತಗಾಗಿತ್ತು. ಅಪ್ಪ ಚಪ್ಪಲಿ ಬಿಟ್ಟು, ತಲೆಯ ಟವಲು ತೆಗೆದು ಸೊಂಟಕ್ಕೆ ಕಟ್ಟಿ ಮಂಟಪದ ಒಳಗೆ ಬಾಗಿದ. ಕಡ್ಡಿಗಳು ಹತ್ತಲಿಲ್ಲ. ಮೇಸ್ತ್ರಿ ಗಡಿಗೆಯಲ್ಲಿ ತಂದ ಕೆಂಡದಿಂದ ಹಚ್ಚಿದ್ದಾಯಿತು. ಕೆಂಪಗೆ ಒಂದು ಕಣ್ಣು ತೆರೆಯಿತು. ಅಪ್ಪ ಹಿಂದಕ್ಕೆ ಸರಿದು ಕೈ ಮುಗಿದ. ಅವನ ತುಟಿ ಅಲುಗುತ್ತಿತ್ತು. ಏನು ಕೇಳಿಕೊಂಡನೋ, ಯಾವ ಮಾತಿನಲ್ಲಿ ಕೇಳಿಕೊಂಡನೋ.

ಹೊಗೆ ಮೇಲೆ ಏಳಲಾರದೆ ಕಲ್ಲಿನ ಮೇಲೇ ಹರಿದಾಡಿತು. ಸ್ವಲ್ಪ ಹೊತ್ತು ಉರಿಯಿತು. ಅರ್ಧದವರೆಗೂ ಬಂತು, ನನಗೆ ಆಸೆಯೂ ಹುಟ್ಟಿತು. ಆಮೇಲೆ ಆ ಕೆಂಪು ಕಂದಿತು. ಒಮ್ಮೆ ಮಿನುಗಿತು. ಹೋಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಅವತ್ತು ಪೂಜಾರಿಯೇ ಕೊಡಲು ತಯಾರಿದ್ದ. ಮೇಸ್ತ್ರಿ ಅಪ್ಪನ ಹತ್ತಿರ ಬಂದು, ‘ಥಂಡಿ ಗೌಡ್ರೇ. ಥಂಡಿಗೆ ಆರಿದ್ದು, ದೊರೆ ಆರಿಸಿದ್ದಲ್ಲ. ನಾನ್ ಹೇಳ್ತೀನಲ್ಲ, ಇನ್ನೊಂದು ಸಲ ಹಚ್ಚಿ. ತಪ್ಪಿಲ್ಲ,’ ಎಂದ. ಓವರ್ಸಿಯರ್ ಕೂಡ, ‘ಹೌದು ಗೌಡರೇ, ಇನ್ನೊಮ್ಮೆ ನೋಡಿ,’ ಎಂದರು. ಬಟ್ಲರ್ ಡಬ್ಬಿ ತೆರೆದು ಇನ್ನೊಂದು ಚುರುಟು ಮುಂದೆ ಹಿಡಿದ.

ಅಪ್ಪ ಅದನ್ನು ಮುಟ್ಟಲಿಲ್ಲ. ‘ಬೇಡ. ಕೇಳಿದ್ವಿ, ಹೇಳಿದ್ರು,’ ಎಂದ.

ನಾನು ಕೂಗಾಡಿದೆ. ಅಷ್ಟು ಜನರ ಮುಂದೆ ಅಪ್ಪನಿಗೆ ಎದುರಾಡಿದೆ. ಅವ್ವನ ಹೆಸರನ್ನೂ ಎತ್ತಿದೆ. ಅಪ್ಪ ಟವಲು ಬಿಚ್ಚಿ ಮುಖ ಒರೆಸಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದಿಣ್ಣೆ ಇಳಿದುಹೋದ. ಮನೆ ಸೇರುವವರೆಗೂ ನನ್ನ ಮೂಗಿನಲ್ಲಿ ಆ ಆರಿದ ಚುರುಟಿನ ವಾಸನೆಯೇ ಇತ್ತು.

ರಸ್ತೆ ಗುಡ್ಡ ಸುತ್ತಿತು. ಓವರ್ಸಿಯರ್ ಹೇಳಿದ ಹಾಗೆಯೇ ಹೊಳೆಯ ಆ ದಡಕ್ಕೆ ಬಂದು ದುಡ್ಡು ಮುಗಿದು ನಿಂತಿತು. ನಮ್ಮ ಗದ್ದೆಯ ಬದುವಿನ ಮೇಲೆ ನಿಂತರೆ ಕಾಣುತ್ತಿತ್ತು, ಕೆಂಪು ಮಣ್ಣಿನ ಅಗಲವಾದ ಬಾಯಿ, ಯಾವ ಊರಿಗೂ ಸೇರದೆ. ಸೇತುವೆ ಮುಂದಿನ ವರ್ಷ ಎಂದರು. ಮುಂದೆ ನಮ್ಮ ರಾಜ್ಯವೇ ಹೋಗಿ ಮೈಸೂರಾಯಿತು, ಕೇಳಬೇಕಾದ ಬಾಗಿಲುಗಳೇ ಬದಲಾದವು. ಎಂಜಿನ್ನನ್ನೂ ಮಿಷನ್ನನ್ನೂ ಮಂಡಿ ಸಾಹುಕಾರನೇ ಕೊಂಡು ತನ್ನ ಗೋದಾಮಿನ ಹಿಂದೆ ನಿಲ್ಲಿಸಿದ. ಅಪ್ಪ ಮತ್ತೆ ಆ ಬೀದಿಗೆ ಹೋಗಲಿಲ್ಲ, ಸಂತೆಗೆ ಸುತ್ತುಬಳಸಿನ ಹಾದಿ ಹಿಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರು ಮಾತಾಡಿಕೊಂಡಿತು. ತುತ್ತನ್ನು ಕೆಳಗಿಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ.

ಈಗ ಕುಶಾಲನಗರವನ್ನು ನೋಡುತ್ತೇನೆ. ಬಸ್ಸು, ಮಿಲ್ಲು, ಅಂಗಡಿ, ಜನ. ನಾನು ಕಂಡ ಮಟ್ಟಿಗೆ ಬೆಳೆದ ಊರುಗಳೆಲ್ಲ ದೊರೆಗಳ ರಸ್ತೆಯ ಮೇಲಿವೆ. ಅವರ ಕಣ್ಣಿಗೆ ಬೀಳದ ಊರುಗಳು ನಮ್ಮವರ ಕಣ್ಣಿಗೂ ಬೀಳಲಿಲ್ಲ. ಆನೆ ನಡೆದದ್ದೇ ದಾರಿ ಎನ್ನುತ್ತಾರೆ. ಆನೆ ಹೋದ ಮೇಲೂ ಅದೇ ದಾರಿ ಎಂದು ಗಾದೆ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ.

ಹೊಸ ಸಾಹುಕಾರರು ಬಂದದ್ದು ಸುತ್ತುದಾರಿ ಮುಗಿದ ಮೇಲೆ, ಪಿಕಿಂಗಿನ ಹೊತ್ತಿಗೆ. ಒಳ್ಳೆಯ ಮನುಷ್ಯ, ಪಂಚೆ ಉಟ್ಟು ತೋಟವೆಲ್ಲ ಸುತ್ತುತ್ತಿದ್ದರು. ಅಪ್ಪನಿಗೆ ಹೇಳಿಕಳಿಸಿದರು, ನಾನೂ ಜೊತೆಗೆ ಹೋದೆ. ಜಗಲಿಯಲ್ಲಿ ಬೆತ್ತದ ಕುರ್ಚಿ ಇದ್ದಲ್ಲೇ ಇತ್ತು. ಸಾಹುಕಾರರು ಅದರ ಪಕ್ಕದಲ್ಲಿ ಬಟ್ಲರ್ ಹಾಕಿಕೊಟ್ಟ ಬೇರೊಂದು ಕುರ್ಚಿಯಲ್ಲಿ ಕುಳಿತಿದ್ದರು.

‘ಅಲ್ಲಾ ಗೌಡರೇ, ಕೂಲಿಯವರಿಗೆ ಅಕ್ಕಿ ಕುಶಾಲನಗರದಿಂದ ಯಾಕೆ ತರಿಸಬೇಕು? ನಿಮ್ಮ ಊರಿನಲ್ಲೇ ಇಷ್ಟು ಭತ್ತ ಇದೆ. ಅಲ್ಲೇ ಒಂದು ಮಿಲ್ಲು ಹಾಕಿದರೆ ನಾನೇ ಕೊಂಡುಕೊಳ್ಳುತ್ತೇನೆ,’ ಎಂದರು.

ಅಪ್ಪ ನೆಲ ನೋಡುತ್ತ ನಿಂತಿದ್ದ. ‘ದಾರಿ ಇಲ್ಲ ಬುದ್ಧಿ,’ ಎಂದ.

‘ಅದೇ ಕೇಳೋಣ ಅಂತಿದ್ದೆ. ಈ ದಿಣ್ಣೆ ಮೇಲೆ ನೇರವಾಗಿ ಹೋಗೋದು ಬಿಟ್ಟು ಅಷ್ಟು ದೂರ ಯಾಕೆ ಸುತ್ತಿಸಿದರು?’

‘ಸಮಾಧಿ ಇತ್ತು ಬುದ್ಧಿ.’

‘ಇದ್ದರೇನು? ಪಾದ್ರಿಗಳನ್ನ ಕರೆಸಿ ಮರ್ಯಾದೆಯಿಂದ ಆಚೆಗೆ ಇಡಿಸಿದ್ದರಾಗ್ತಿತ್ತು. ಒಂದು ಬೆಳಿಗ್ಗೆಯ ಕೆಲಸ. ನನಗೆ ಒಂದು ಮಾತು ಹೇಳಿಕಳಿಸಿದ್ದರೆ ಜಾಗವನ್ನೂ ಹಾಗೇ ಬಿಟ್ಟುಕೊಡ್ತಿದ್ದೆ. ತೋಟ ನನ್ನದು, ನನ್ನನ್ನ ಯಾಕೆ ಕೇಳಲಿಲ್ಲ?’

ನಾನೇ ಹೇಳಿದೆ: ‘ಹಳೇ ದೊರೆಗಳ್ನ ಕೇಳಿದ್ವಿ ಬುದ್ಧಿ.’

ಸಾಹುಕಾರರು ನಗಲು ಬಾಯಿ ತೆರೆದರು. ಅಪ್ಪನ ಮುಖ ನೋಡಿ ಮುಚ್ಚಿಕೊಂಡರು. ಬಟ್ಲರ್ ಒಳಗಿನಿಂದ ಕಾಫಿ ತಂದು ಕೊಟ್ಟ. ನಿಜವಾದ ಕಾಫಿ, ಸಕ್ಕರೆ ಹಾಕಿದ್ದು. ಅದರ ರುಚಿ ನನಗೆ ನೆನಪಿಲ್ಲ. ಬದುಕಿರುವ ಒಡೆಯನೊಬ್ಬ ಇದ್ದಾನೆ, ಅವನಿಗೆ ಒಂದು ಕಾಗದ ಹಾಕೋಣ ಎನ್ನುವುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಓದಿದ ಓವರ್ಸಿಯರಿಗೂ ಇಲ್ಲ, ಬಾಯಿಬಡುಕಿ ನನಗೂ ಇಲ್ಲ.

ಮನೆಗೆ ಹಿಂತಿರುಗುವಾಗ ದಿಣ್ಣೆ ಇಳಿದು ಹೊಳೆಯ ಪಾಲದವರೆಗೂ ಅಪ್ಪ ಮುಂದೆ, ನಾನು ಹಿಂದೆ ನಡೆದೆವು. ನನಗೆ ಅವನ ಮೇಲೆ ಕೋಪವಿತ್ತು, ಕರುಣೆಯೂ ಇತ್ತು, ಯಾವುದು ಮುಂದು ಎಂದು ತಿಳಿಯಲಿಲ್ಲ. ಅಪ್ಪ ಪಾಲದ ಪಕ್ಕದ ಬಂಡೆಯ ಮೇಲೆ ಕುಳಿತ. ಇದ್ದಕ್ಕಿದ್ದ ಹಾಗೆ ಮುದುಕನಾಗಿ ಕಂಡ. ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಅಲ್ಲಿ ಕೇಳಿದೆ.

‘ಅಪ್ಪ, ಅವತ್ತು ಆ ಚುರುಟು ಪೂರ್ತಿ ಉರ್ದಿದ್ರೆ ಕಲ್ ಎತ್ತುತ್ತಿದ್ಯಾ?’

ಅಪ್ಪ ನೀರಿನ ಕಡೆ ನೋಡಿದ.

‘ಇನ್ನೊಂದು ಹಚ್ತಿದ್ದೆ.’

‘ಅದೂ ಉರ್ದಿದ್ರೆ?’

‘ಮತ್ತೊಂದು.’

‘ಎಲ್ಲಿ ತನಕ ಅಪ್ಪ?’

‘ಆರೋ ತನಕ ಕಣವ್ವ,’ ಎಂದ ಅಪ್ಪ.